ರೆಸಿಸ್ಟೆನ್ಸ್ ಟೆಸ್ಟ್‌ಗೆ ಮುಂಚೆ ಮಾತ್ರೆ ನಿಲ್ಲಿಸಬಹುದಾ?

ಪ್ರಶ್ನೆ: ಡಾಕ್ಟ್ರೇ, ನಮ್ಮಣ್ಣ ಎಚ್‌ಐವಿಗೆ ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಮೂರೂ ಸೇರಿದ ಮಾತ್ರೆ ತಗೊಳ್ತಿದ್ದಾರೆ. ವೈರಲ್ ಲೋಡ್ (ರಕ್ತದಲ್ಲಿ ವೈರಸ್ ಎಷ್ಟಿದೆ ಅನ್ನೋ ಲೆಕ್ಕ) ಕಾಣಿಸುತ್ತಲೇ ಇರಲಿಲ್ಲ. ಹೋದ ಸಲ ಏರಿತು, ಮೂರು ತಿಂಗಳು ಬಿಟ್ಟು ನೋಡಿದರೆ 4,200. ಈಗ ವೈರಸ್ ಮಾತ್ರೆಗೆ ಜಗ್ಗದಂತಾಗಿದೆಯಾ ಅಂತ ನೋಡೋ ರೆಸಿಸ್ಟೆನ್ಸ್ ಟೆಸ್ಟ್ ಬರೆದಿದ್ದಾರೆ. "ಹೇಗೂ ಮಾತ್ರೆ ಕೆಲಸ ಮಾಡ್ತಿಲ್ಲ, ಅಲ್ಲೀವರೆಗೂ ಸುಮ್ನೆ ಯಾಕೆ ನುಂಗಲಿ" ಅಂತಾರೆ. ಬಿಡಬಹುದಾ?

ಉತ್ತರ: ಖಂಡಿತ ಬೇಡ. ರಕ್ತ ಕೊಡುವ ದಿನವೂ ಮಾತ್ರೆ ತಗೊಂಡೇ ಹೋಗಲಿ.

ಈ ಟೆಸ್ಟ್ ಓದುವುದು ರಕ್ತದಲ್ಲಿ ಈಗ ಓಡಾಡುತ್ತಿರುವ ವೈರಸ್ಸಿನ ಜೀನ್‌ಗಳನ್ನು. ಮಾತ್ರೆಗೆ ಜಗ್ಗದ ವೈರಸ್ಸಿನ ಕೈ ಮೇಲಾಗಿರುವುದು ಮಾತ್ರೆ ಮೈಯಲ್ಲಿ ಇರುವ ತನಕ ಮಾತ್ರ. ಬಿಟ್ಟರೆ ಮಾಮೂಲಿ ವೈರಸ್ ಜೋರಾಗಿ ಬೆಳೆದು ಅದನ್ನು ಮುಚ್ಚಿಹಾಕುತ್ತದೆ. ಲ್ಯಾಮಿವುಡಿನ್ ಕೆಲಸ ಕೆಡಿಸುವ ಎಂ184ವಿ ಅನ್ನೋ ಬದಲಾವಣೆಯಂತೂ ಬೇಗ ಮರೆಯಾಗುತ್ತದೆ. ಒಟ್ಟು ವೈರಸ್ಸಿನಲ್ಲಿ ಅದರ ಪಾಲು ಶೇ. 15-20ಕ್ಕಿಂತ ಕಡಿಮೆಯಾದರೆ ಸಾಮಾನ್ಯ ಟೆಸ್ಟ್‌ಗೆ ಸಿಗುವುದು ಕಷ್ಟ. ರಿಪೋರ್ಟ್ ಚೆನ್ನಾಗಿಯೇ ಬರುತ್ತದೆ. ಆದರೆ ಆ ವೈರಸ್ ಜೀವಕೋಶಗಳಲ್ಲಿ ಅಡಗಿ ಕೂತಿರುತ್ತದೆ, ಅದೇ ಔಷಧಿ ಮತ್ತೆ ಕೊಟ್ಟರೆ ತಲೆ ಎತ್ತುತ್ತದೆ. ಆಗಲೇ ಬಿಟ್ಟವರು ನಾಲ್ಕು ವಾರದೊಳಗೆ ರಕ್ತ ಕೊಡುವುದು ಒಳ್ಳೆಯದು. ಹಳೇ ರಿಪೋರ್ಟ್‌ಗಳನ್ನೂ ಎಸೆಯಬೇಡಿ.

ಇನ್ನೊಂದು, ಚೀಟಿಯಲ್ಲಿ "ಇಂಟೆಗ್ರೇಸ್" ಅಂತ ಇದೆಯಾ ನೋಡಿ. ಅದು ವೈರಸ್ಸಿನ ಒಂದು ಕಿಣ್ವ (ಎನ್‌ಜೈಮ್), ಡೊಲುಟೆಗ್ರಾವಿರ್ ತಡೆಯುವುದು ಅದನ್ನೇ. ಎಷ್ಟೋ ಲ್ಯಾಬ್‌ಗಳಲ್ಲಿ ಅದನ್ನು ಬೇರೆಯಾಗಿ ಬರೆಸಬೇಕು. ಇಲ್ಲದಿದ್ದರೆ ಮುಖ್ಯ ಔಷಧಿಯನ್ನೇ ಬಿಟ್ಟು ಉಳಿದದ್ದನ್ನು ನೋಡಿದಂತಾಗುತ್ತದೆ!

ಇನ್ನೊಬ್ಬರ ಪ್ರಶ್ನೆ: ನನ್ನದು ಉಲ್ಟಾ ಸರ್. ಮಾತ್ರೆ ಬಿಟ್ಟಿಲ್ಲ, ಲೋಡ್ ಜಾಸ್ತಿ ಇದೆ, ರಿಪೋರ್ಟ್‌ನಲ್ಲಿ ರೆಸಿಸ್ಟೆನ್ಸ್ ಇಲ್ಲ. ಟೆಸ್ಟ್ ತಪ್ಪಾ?

ಉತ್ತರ: ತಪ್ಪೇ ಇರಬೇಕೆಂದಿಲ್ಲ. ಡೊಲುಟೆಗ್ರಾವಿರ್ ತಗೊಳ್ಳುವವರಲ್ಲಿ ಇದು ತುಂಬಾ ಕಾಣುವ ಸಂಗತಿ, ಅದಕ್ಕೆ ರೆಸಿಸ್ಟೆನ್ಸ್ ಸುಲಭಕ್ಕೆ ಹುಟ್ಟುವುದಿಲ್ಲ. ಔಷಧಿ ಮೈಗೆ ಸಾಕಷ್ಟು ಸೇರುತ್ತಿಲ್ಲ ಅಂತ ಮೊದಲು ಅನುಮಾನ ಪಡಬೇಕು. ಮಾತ್ರೆ ಆಗಾಗ ತಪ್ಪುತ್ತಿದ್ದರೆ ನಿಮ್ಮ ಡಾಕ್ಟರಿಗೆ ಹೇಳಿಬಿಡಿ, ಬೈಯುತ್ತಾರೆ ಅಂತ ಮುಚ್ಚಿಡಬೇಡಿ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆ, ಗ್ಯಾಸ್ಟ್ರಿಕ್‌ಗೆ ಆಂಟಾಸಿಡ್, ಟಿಬಿಗೆ ರಿಫಾಂಪಿಸಿನ್ ಏನಾದರೂ ನಡೀತಿದೆಯಾ?

ಅವರೇ: ಕ್ಯಾಲ್ಸಿಯಂ ಇದೆ ಸರ್. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಎರಡೂ ಒಟ್ಟಿಗೆ.

ಉತ್ತರ: ಸಿಕ್ಕಿತು ನೋಡಿ! ಖಾಲಿ ಹೊಟ್ಟೆಯಲ್ಲಿ ಕ್ಯಾಲ್ಸಿಯಂ ಡೊಲುಟೆಗ್ರಾವಿರನ್ನು ಹಿಡಿದುಕೊಂಡು ರಕ್ತಕ್ಕೆ ಪೂರ್ತಿ ಹೋಗಲು ಬಿಡುವುದಿಲ್ಲ. ಎಚ್‌ಐವಿ ಮಾತ್ರೆ ಎರಡು ಗಂಟೆ ಮೊದಲು ತಗೊಳ್ಳಿ, ಇಲ್ಲಾ ಕ್ಯಾಲ್ಸಿಯಂ ಆಗಿ ಆರು ಗಂಟೆ ಬಿಡಿ. ಊಟದ ಜೊತೆಗಾದರೆ ಎರಡೂ ಒಟ್ಟಿಗೆ ನಡೆಯುತ್ತದೆ. ಆಂಟಾಸಿಡ್‌ಗೆ ಮಾತ್ರ ಈ ರಿಯಾಯಿತಿ ಇಲ್ಲ. ಮುಂದಿನ ವೈರಲ್ ಲೋಡ್ ಯಾವಾಗ ಅಂತ ನಿಮ್ಮ ಡಾಕ್ಟರನ್ನು ಕೇಳಿ.