ಮೀಸಲು, ಸಂಗ್ರಹ, ಸಂಗ್ರಹಣೆ: ಯಾವುದು ಎಲ್ಲಿಗೆ?

ಗೆಳೆಯರೆ,

ಕೇಂದ್ರ ಬ್ಯಾಂಕುಗಳು (ನಮ್ಮ ರಿಸರ್ವ್ ಬ್ಯಾಂಕಿನಂಥವು) ತಮ್ಮ ವಿದೇಶಿ ಹಣ, ಬಾಂಡು, ಚಿನ್ನ ಇವನ್ನೆಲ್ಲ ನೋಡಿಕೊಳ್ಳುವ ಸಾಫ್ಟ್‌ವೇರನ್ನು ಟೆಂಡರ್ ಕರೆದು ಕೊಳ್ಳುತ್ತವೆ. ಅದರ ಬಗ್ಗೆ ಕನ್ನಡದಲ್ಲಿ ಬರೆಯಲು ಕೂತವನು ತಲೆಬರಹದಲ್ಲೇ ಸಿಕ್ಕಿಹಾಕಿಕೊಂಡಿದ್ದೇನೆ. ‘ರಿಸರ್ವ್ ಮ್ಯಾನೇಜ್‌ಮೆಂಟ್’ ಅನ್ನೋದಕ್ಕೆ ಏನು ಹೇಳೋಣ?

ಮೊದಲು ‘ಮೀಸಲು ನಿರ್ವಹಣೆ’ ಎಂದು ಬರೆದೆ. ಓದಿದವರೊಬ್ಬರು ಮೀಸಲಾತಿ ವಿಷಯವಾ ಎಂದು ಕೇಳಿದರು. ಅದು ಬಿಡಿ, ಬ್ಯಾಂಕಿನ ಲೆಕ್ಕದಲ್ಲೇ ಮೂರು ಮೀಸಲುಗಳಿವೆ. ವಾಣಿಜ್ಯ ಬ್ಯಾಂಕುಗಳು ಕೇಂದ್ರ ಬ್ಯಾಂಕಿನಲ್ಲಿ ಇಡಬೇಕಾದ ದುಡ್ಡು ‘ನಗದು ಮೀಸಲು’. ಕೇಂದ್ರ ಬ್ಯಾಂಕಿಗೆ ಅದು ಕೊಡಬೇಕಾದ ಬಾಬ್ತು. ಲಾಭದಲ್ಲಿ ಎತ್ತಿಟ್ಟದ್ದು ‘ಮೀಸಲು ನಿಧಿ’, ಅದೂ ಆಢಾವೆ ಪತ್ರಿಕೆಯಲ್ಲಿ (ಬ್ಯಾಲೆನ್ಸ್ ಶೀಟ್) ಅದೇ ಕಡೆ ಕೂರುತ್ತದೆ. ನನಗೆ ಬೇಕಾದ ಮೀಸಲು ಮಾತ್ರ ಆಸ್ತಿಯ ಕಡೆಗಿದೆ. ಒಂದೇ ಪದ, ಲೆಕ್ಕದಲ್ಲಿ ಎದುರುಬದುರು.

ಇನ್ನೊಂದು ತೊಡಕು ಪದದ ಒಳಗೇ ಇದೆ. ನಮ್ಮ ‘ಮೀಸಲು’ ಅಂದರೆ ದೇವರಿಗೆಂದು ಮುಟ್ಟದೆ ಎತ್ತಿಟ್ಟದ್ದು. ಮೀಸಲು ಮುರಿಯಬಾರದು ಅನ್ನುತ್ತೇವಲ್ಲ, ಆ ಅರ್ಥ. ಈ ಮೀಸಲು ತದ್ವಿರುದ್ಧ. ಬೇಕೆಂದಾಗ ತಕ್ಷಣ ಕೈಗೆ ಸಿಗಬೇಕು, ಹತೋಟಿಯೂ ತನ್ನದೇ ಆಗಿರಬೇಕು. ಅಂತರರಾಷ್ಟ್ರೀಯ ಹಣಕಾಸು ನಿಧಿಯ (ಐಎಂಎಫ್) 2009ರ ಪಾವತಿ ಶಿಲ್ಕಿನ (ಬ್ಯಾಲೆನ್ಸ್ ಆಫ್ ಪೇಮೆಂಟ್ಸ್) ಕೈಪಿಡಿ ಹೇಳುವುದೂ ಇದನ್ನೇ. ಇದರಲ್ಲಿ ಕೊಳ್ಳುವುದು, ಮಾರುವುದು ನಡೆದೇ ಇರುತ್ತದೆ. ಸುಮ್ನೆ ಎತ್ತಿಡುವ ಗಂಟಾಗಿದ್ದರೆ ಸಾಫ್ಟ್‌ವೇರ್ ಯಾಕೆ, ಒಂದು ಬೀಗ ಸಾಕಿತ್ತು.

ಪತ್ರಿಕೆಗಳಲ್ಲಿ ‘ವಿದೇಶಿ ವಿನಿಮಯ ಸಂಗ್ರಹ’ ಎಂದೂ ಬರುತ್ತದೆ. ಕೇಳಲು ಹಿತ. ಆದರೆ ಈ ಲೆಕ್ಕದಲ್ಲಿ ಚಿನ್ನವೂ ಇದೆ, ಐಎಂಎಫ್ ತನ್ನ ಸದಸ್ಯ ದೇಶಗಳಿಗೆ ಹಂಚುವ, ಯಾವ ದೇಶದ ನಾಣ್ಯವೂ ಅಲ್ಲದ ಎಸ್‌ಡಿಆರ್ ಕೂಡ ಇದೆ. ಜೊತೆಗೆ ಸರ್ಕಾರಿ ಕಾಗದದಲ್ಲಿ ‘ಪ್ರೊಕ್ಯೂರ್‌ಮೆಂಟ್’ಗೆ ‘ಸಂಗ್ರಹಣೆ’ ಎನ್ನುತ್ತಾರೆ. ಆಗ ನನ್ನ ತಲೆಬರಹ ‘ವಿದೇಶಿ ವಿನಿಮಯ ಸಂಗ್ರಹ ನಿರ್ವಹಣಾ ತಂತ್ರಾಂಶ ಸಂಗ್ರಹಣೆ’ ಆಗುತ್ತದೆ. ಒಮ್ಮೆ ಗಟ್ಟಿಯಾಗಿ ಓದಿ ನೋಡಿ! ‘ಖರೀದಿ’ ಸಾಕು ಅಂತ ನನ್ನ ಅನಿಸಿಕೆ.

ಇನ್ನು ಈ ಮೀಸಲು ನೋಡಿಕೊಳ್ಳುವವರ ಮೂರು ವಿಭಾಗಗಳು: ಫ್ರಂಟ್, ಮಿಡಲ್, ಬ್ಯಾಕ್ ಆಫೀಸ್. ‘ಮುಂಗಚೇರಿ, ನಡುಗಚೇರಿ, ಹಿಂಗಚೇರಿ’ ಎಂದು ಕಟ್ಟಿದೆ. ಮನೆಯ ಪಡಸಾಲೆ, ಹಿತ್ತಿಲು ಹೇಳಿದ ಹಾಗಾಯಿತು. ಮೊದಲನೆಯವರು ವ್ಯಾಪಾರ ಕುದುರಿಸುತ್ತಾರೆ. ನಡುವಿನವರು ನಷ್ಟದ ಅಪಾಯ ಅಳೆದು, ಮಿತಿ ಮೀರಿದೆಯಾ ನೋಡುತ್ತಾರೆ. ಕೊನೆಯವರು ವ್ಯಾಪಾರವನ್ನು ಎದುರಿನವರ ಜೊತೆ ತಾಳೆ ನೋಡಿ ಹಣ ಸಲ್ಲಿಸುತ್ತಾರೆ. ವ್ಯಾಪಾರ ಮಾಡಿದವನೇ ಹಣವನ್ನೂ ಕಳಿಸುವಂತಾಗಬಾರದು, ಅದಕ್ಕೇ ಈ ಮೂರು ಪಾಲು. ಹಾಗಾಗಿ ‘ವ್ಯಾಪಾರ ವಿಭಾಗ, ಅಪಾಯ ವಿಭಾಗ, ತೀರುವಳಿ ವಿಭಾಗ’ ಎಂದರೆ ಕೆಲಸ ಗೊತ್ತಾಗುತ್ತದೆ. ಆದರೆ ಮೂರೂ ವಿಭಾಗದ ಕೆಲಸ ಒಂದರಲ್ಲೇ ಆಗುತ್ತದೆ ಅನ್ನೋದನ್ನು ಸಾಫ್ಟ್‌ವೇರ್ ಮಾರುವವರು ‘ಫ್ರಂಟ್ ಟು ಬ್ಯಾಕ್’ ಎಂದು ಒಂದೇ ಉಸಿರಿನಲ್ಲಿ ಹೇಳುವುದನ್ನು ಆಗ ಹೇಗೆ ಹೇಳೋದು? ‘ತುದಿಯಿಂದ ತುದಿಗೆ’ ಎಂದರೆ ಬಸ್ ಮಾರ್ಗದಂತೆ ಕೇಳುತ್ತದೆ.

‘ಸೆಟಲ್‌ಮೆಂಟ್’ಗೆ ‘ಇತ್ಯರ್ಥ’ ಬೇಡ, ಅದಕ್ಕೆ ಜಗಳದ ವಾಸನೆ ಜಾಸ್ತಿ. ‘ಚುಕ್ತಾ’ ನನಗಿಷ್ಟ. ಆದರೆ ಅದರಲ್ಲಿ ಹಣ ಕೊಟ್ಟದ್ದಷ್ಟೇ ಕಾಣುತ್ತದೆ, ಬಾಂಡು ಬಂದದ್ದು ಕಾಣುವುದಿಲ್ಲ, ಅಲ್ವಾ? ‘ತೀರುವಳಿ’ಗಿಂತ ಒಳ್ಳೆಯದು ಯಾರಿಗಾದರೂ ಹೊಳೆದರೆ ತಿಳಿಸಿ.

ತಲೆಬರಹಕ್ಕೆ ಸದ್ಯ ‘ವಿದೇಶಿ ಮೀಸಲು ನಿರ್ವಹಣೆಯ ಸಾಫ್ಟ್‌ವೇರ್ ಖರೀದಿ’ ಎಂದಿಟ್ಟಿದ್ದೇನೆ. ಸ್ವಂತ ದೇಶದ ಖಜಾನೆಯಲ್ಲೇ ಇರುವ ಚಿನ್ನವನ್ನೂ ‘ವಿದೇಶಿ ಮೀಸಲು’ ಅನ್ನಬಹುದಾ?