'ಆ್ಯಂಡ್ ಜಸ್ಟಿಸ್ ಫಾರ್ ಆಲ್': ಬಾಸ್ ಎಲ್ಲಿ ಹೋಯ್ತು?

ಮಂದ್ರಸ್ಥಾಯಿ ಕೇಳಿದ್ದು:
ಹೆವಿ ಮೆಟಲ್ ಬ್ಯಾಂಡ್ ಮೆಟಾಲಿಕಾದ 1988ರ ಈ ಆಲ್ಬಂ ಬಗ್ಗೆ ಮಾತು ಬಂದಾಗಲೆಲ್ಲ ಒಂದೇ ದೂರು, ಬಾಸ್ (ತಗ್ಗಿನ ಸ್ವರದ ಗಿಟಾರ್) ಕೇಳಿಸಲ್ಲ ಅಂತ. ಹಿಂದಿನ ಬಾಸ್ ವಾದಕ ಕ್ಲಿಫ್ ಬರ್ಟನ್ ತೀರಿಕೊಂಡ ಮೇಲೆ ಬಂದ ಜೇಸನ್ ನ್ಯೂಸ್ಟೆಡ್ ನುಡಿಸಿದ್ದೇ ಅಷ್ಟು ಸಪ್ಪೆಯಾಗಿತ್ತಾ? ಆಗಿನ ವಿಮರ್ಶಕರು ಏನಂದ್ರು? ಇಕ್ವಲೈಸರ್‌ನಲ್ಲಿ (ತಗ್ಗು, ಎತ್ತರದ ಸ್ವರಗಳನ್ನು ಬೇರೆಬೇರೆಯಾಗಿ ಏರಿಸಿ ಇಳಿಸೋ ಸಾಧನ) 80 ಹರ್ಟ್ಸ್ ಏರಿಸಿದ್ರೆ ಗಿಟಾರೇ ಗುಂಯ್ ಅನ್ನುತ್ತೆ. 2018ರ ರಿಮಾಸ್ಟರ್ ತಗೊಂಡ್ರೆ ಸರಿಹೋಗುತ್ತಾ?

ಕ್ಯಾಸೆಟ್ ಕಾಲ:
ನುಡಿಸಿದ್ದರಲ್ಲಿ ಕೊರತೆ ಇಲ್ಲ. 1987ರ 'ಗರಾಜ್ ಡೇಸ್' ಇಪಿ (ಕಿರು ಆಲ್ಬಂ) ಹಾಕಿ ನೋಡಿ, ಅದೇ ನ್ಯೂಸ್ಟೆಡ್, ಬಾಸ್ ಎದೆಗೆ ಬಡಿಯುತ್ತೆ. 'ಜಸ್ಟಿಸ್'ನಲ್ಲಿ ಕೈ ಕೊಟ್ಟದ್ದು ಮಿಕ್ಸಿಂಗ್, ಅಂದ್ರೆ ಬೇರೆಬೇರೆ ವಾದ್ಯಗಳ ಸದ್ದನ್ನು ಹೊಂದಿಸಿ ಒಂದು ಮಾಡೋ ಕೆಲಸ. ನಿರ್ಮಾಪಕ ಫ್ಲೆಮ್ಮಿಂಗ್ ರಾಸ್ಮುಸೆನ್ ಮಿಕ್ಸ್ ಹೊತ್ತಿಗೆ ಅಲ್ಲಿರಲಿಲ್ಲ. ಮಿಕ್ಸ್ ಮಾಡಿದವರು ಸ್ಟೀವ್ ಥಾಂಪ್ಸನ್ ಮತ್ತು ಮೈಕಲ್ ಬಾರ್ಬಿಯೆರೊ. ಬಾಸ್ ಇಳಿಸಿ ಅಂತ ಹೇಳಿದ್ದು ಡ್ರಮ್ಮರ್ ಲಾರ್ಸ್ ಉಲ್ರಿಕ್ ಅಂತ ಥಾಂಪ್ಸನ್ ಆಮೇಲೆ ಹಲವು ಸಲ ಹೇಳಿದ್ದಾರೆ. ಬ್ಯಾಂಡ್‌ನವರು ಆ ಬೇಸಿಗೆ ಸ್ಟೇಡಿಯಂ ಪ್ರವಾಸದ ನಡುವೆ ಬಿಡುವಾದಾಗ ಬಂದು ಮಿಕ್ಸ್ ಕೇಳಿ ಹೋಗ್ತಿದ್ರು. ಸ್ಟೇಜ್ ಸದ್ದಿಗೆ ದಣಿದ ಕಿವಿಯಲ್ಲಿ ಟ್ರೆಬಲ್ (ಎತ್ತರದ ಸ್ವರಗಳು) ಏರಿಸ್ತಾನೇ ಹೋಗಬೇಕು ಅನ್ನಿಸೋದು ಮಾಮೂಲಿ.

ವಿಮರ್ಶೆ ವಿಷಯ: ಆಗ ಒಟ್ಟಾರೆ ಸ್ವಾಗತ ಚೆನ್ನಾಗೇ ಇತ್ತು. ಅಮೆರಿಕದ ಬಿಲ್‌ಬೋರ್ಡ್ ಆಲ್ಬಂ ಪಟ್ಟಿಯಲ್ಲಿ 6ನೇ ಸ್ಥಾನ. ಮುಖ ಸಿಂಡರಿಸಿದವರೂ ಇದ್ರು, ವಿಮರ್ಶಕ ರಾಬರ್ಟ್ ಕ್ರಿಸ್ಟ್‌ಗೌ ಸಿ ಪ್ಲಸ್ ದರ್ಜೆ ಕೊಟ್ಟು ಕೈತೊಳೆದುಕೊಂಡ್ರು. 1989ರಲ್ಲಿ ಗ್ರ್ಯಾಮಿ ಪ್ರಶಸ್ತಿ ಜೆಥ್ರೊ ಟುಲ್ ಬ್ಯಾಂಡ್ ಪಾಲಾಯ್ತು. ಮರುವರ್ಷ ಇದೇ ಆಲ್ಬಂನ 'ಒನ್' ಹಾಡಿಗೆ ಬಂತು.

ಫೇಡರ್:
ಇಕ್ವಲೈಸರ್ ಯಾಕೆ ಸೋಲುತ್ತೆ ಅಂದ್ರೆ: ಬಾಸ್‌ನ ಕೆಳಗಿನ ಇ ತಂತಿ ಸುಮಾರು 41 ಹರ್ಟ್ಸ್, ಗಿಟಾರ್‌ನದು 82. ನ್ಯೂಸ್ಟೆಡ್ ಪಿಕ್ ಹಿಡಿದು ಗಿಟಾರ್ ರಿಫ್ಫನ್ನೇ (ಮತ್ತೆಮತ್ತೆ ಬರೋ ಸ್ವರಗುಚ್ಛ) ಕೆಳಗಿನ ಸ್ಥಾಯಿಯಲ್ಲಿ ನುಡಿಸ್ತಾರೆ, ಆದ್ರಿಂದ ಬಾಸ್‌ನ ಎರಡನೇ ಹಾರ್ಮೋನಿಕ್ (ಮೂಲ ಸ್ವರದ ಎರಡರಷ್ಟು ಹರ್ಟ್ಸ್) ನೇರ ಗಿಟಾರ್ ಮೇಲೇ ಬೀಳುತ್ತೆ. ಬ್ಯಾಂಡ್‌ನ ಗಿಟಾರ್ ವಾದಕ ಹೆಟ್‌ಫೀಲ್ಡ್ ಟೋನ್‌ನಲ್ಲಿ ಮಧ್ಯದ ಸ್ವರ ಕಡಿಮೆ, ತಗ್ಗಿನದು ಜಾಸ್ತಿ. ನೀವು 80 ಏರಿಸಿದ್ರೆ ಎದ್ದು ಬರೋದು ಪಾಮ್ ಮ್ಯೂಟ್‌ನ (ಅಂಗೈಯಿಂದ ತಂತಿ ಒತ್ತಿ ನುಡಿಸೋದು) ಧಡಧಡವೇ.

ರಿಮಾಸ್ಟರ್ ಅಂದ್ರೆ ಎರಡು ಚಾನೆಲ್‌ಗೆ ಇಳಿಸಿ ಮುಗಿದ ಮಿಕ್ಸನ್ನು ಮತ್ತೆ ಹದ ಮಾಡೋದು. ಒಂದೊಂದು ವಾದ್ಯದ ಸದ್ದು ಏರಿಸಿ ಇಳಿಸೋ ಫೇಡರ್ ಮುಟ್ಟೋಕೆ ರಿಮಿಕ್ಸೇ ಆಗಬೇಕು, 2018ರಲ್ಲಿ ಅದನ್ನು ಮಾಡಲಿಲ್ಲ. ಬಾಸ್‌ಗೋಸ್ಕರ ದುಡ್ಡು ಸುರೀಬೇಡಿ.

ಮನೇಲಿ ಪ್ರಯತ್ನಿಸೋದಾದ್ರೆ ಸ್ಟೆಮ್ (ಒಂದೊಂದು ವಾದ್ಯದ ಸದ್ದು) ಬೇರ್ಪಡಿಸೋ ಸಾಫ್ಟ್‌ವೇರ್‌ಗೆ ಸಿಡಿಯಿಂದ ತೆಗೆದ ವೇವ್ ಫೈಲೇ ಕೊಡಿ, ಎಂಪಿ3 ಬೇಡ. ಬಾಸ್ ಸ್ಟೆಮ್ಮನ್ನು ಮೊದಲು ಸೋಲೋ ಮಾಡಿ ಕೇಳಿ. ಪಾಮ್ ಮ್ಯೂಟ್ ಅದರೊಳಗೆ ಸೋರಿರುತ್ತೆ. ಅಲ್ಲಿ 120ರಿಂದ 200 ಹರ್ಟ್ಸ್ ವರೆಗೆ 3 ಡಿಬಿ ಇಳಿಸಿ, ಆಮೇಲೆ ಇಡೀ ಸ್ಟೆಮ್ಮನ್ನು 4ರಿಂದ 6 ಡಿಬಿ ಏರಿಸಿ. ಗಿಟಾರ್ ಇರೋ ಸ್ಟೆಮ್‌ನಲ್ಲಿ 100ರ ಕೆಳಗೆ 2 ಡಿಬಿ ತೆಗೆದ್ರೆ ಜಾಗ ಆಗುತ್ತೆ. ಸಿಂಬಲ್ ನೀರೊಳಗಿಂದ ಬಂದ ಹಾಗೆ ಕೇಳಿದ್ರೆ ಅತಿಯಾಯ್ತು ಅಂತ ಅರ್ಥ.

ಕ್ಯಾಸೆಟ್ ಕಾಲ:
ಅಷ್ಟೆಲ್ಲ ಯಾಕೆ ಸರ್? 1989ರ ಸಿಯಾಟಲ್ ಕಛೇರಿ ಮೆಟಾಲಿಕಾದ 'ಲೈವ್ ಶಿಟ್' ಬಾಕ್ಸ್ ಸೆಟ್‌ನಲ್ಲೇ ಇದೆ. 'ಜಸ್ಟಿಸ್'ನ 'ಬ್ಲ್ಯಾಕೆನ್ಡ್' ಹಾಡನ್ನು ಅಲ್ಲಿ ಕೇಳಿ. ಅದರ ರಿಫ್‌ನಲ್ಲಿ ನ್ಯೂಸ್ಟೆಡ್‌ಗೂ ಪಾಲಿದೆ, ಹಾಡಿನ ಕ್ರೆಡಿಟ್‌ನಲ್ಲಿ ಹೆಸರಿದೆ.

ಫೇಡರ್:
ಒಪ್ಪಿದೆ. ಆದ್ರೆ ಸ್ಟುಡಿಯೋ ಆವೃತ್ತಿಯ ಒಣ ಡ್ರಮ್ ಸದ್ದು ಬೇಕು ಅನ್ನೋರಿಗೆ ಸಿಯಾಟಲ್ ಸಾಲದು.