ಅಪ್‌ಡೇಟ್: 41ಕ್ಕೆ ಭರತನಾಟ್ಯ, ಮೊದಲ ಕ್ಲಾಸ್ ಮುಗೀತು
ಈ ವಯಸ್ಸಲ್ಲಿ ಭರತನಾಟ್ಯ ಕ್ಲಾಸಿಗೆ ಏನು ಹಾಕ್ಕೊಂಡು ಹೋಗ್ಲಿ, ಮಂಡಿ ತಡೆಯುತ್ತಾ ಅಂತ ಕೇಳಿದ್ದೆನಲ್ಲ, ನಿನ್ನೆ ಹೋಗಿ ಬಂದೆ. ಶಿರಸಿಯ ಮಳೆಗೆ ಹತ್ತಿ ಚೂಡಿದಾರ ಒಣಗಿರಲಿಲ್ಲ. ಬಚ್ಚಲ ಒಲೆ ಮೇಲೆ ಹರಗಿ ಒಣಗಿಸಿದ್ದು, ಮೈಯೆಲ್ಲ ಹೊಗೆ ವಾಸನೆ! ದುಪಟ್ಟಾ ಸೊಂಟಕ್ಕೆ ಬಿಗಿದು ಕಟ್ಟಿ ಅಂದವರಿಗೆ ಥ್ಯಾಂಕ್ಸ್. ಗೆಜ್ಜೆ ಕೊಂಡಿದ್ದು ಮಾತ್ರ ದಂಡ, ಈಗಲೇ ಬೇಡವಂತೆ.

ನಮಸ್ಕಾರ, ಅರಮಂಡಿ (ಮಂಡಿ ಹೊರಕ್ಕೆ ತೆರೆದು ಅರ್ಧ ಕೂರೋದು), ತಟ್ಟಡವು (ಪಾದ ನೆಲಕ್ಕೆ ತಟ್ಟೋ ಹೆಜ್ಜೆ), ಇಷ್ಟೇ. ಟೀಚರ್ ಕೋಲಿನಲ್ಲಿ ಮಣೆ ಕುಟ್ಟಿ ‘ತೈಯಾ ತೈ’ ಅಂದ್ರೆ ಪಕ್ಕದ ಎಂಟು ವರ್ಷದ ಹುಡುಗಿ ಬಲಗಾಲು, ನಾನು ಎಡಗಾಲು. ಮಂಡಿ ಕಾಲ್ಬೆರಳಿನ ದಿಕ್ಕಿಗೇ ತೆರೀಬೇಕು, ಒಳಗೆ ವಾಲಬಾರದು ಅಂದರು. ಸರಿ ಮಾಡ್ಕೊಂಡೆ, ಮಂಡಿ ನೋವಿಲ್ಲ. ತೊಡೆ ಕತೆ ಬೇರೆ: ಇವತ್ತು ಮೆಟ್ಟಿಲಿಳಿಯುವಾಗ ‘ಅಯ್ಯಮ್ಮಾ’ ಅಂದಿದ್ದು ಕೇಳಿ ಅತ್ತೆ ತೆಂಗಿನೆಣ್ಣೆ ಬಿಸಿಮಾಡಿ ಕೊಟ್ಟರು. ಬುಧವಾರ ಮತ್ತೆ ಹೋಗ್ತೇನೆ.